ನೆಗೆಣ್ಣಿ ಕಲಿಸಿದ ಫ್ರೆಂಚ್

ನನಗೆ ಫ್ರೆಂಚ್ ಕಲಿಸಿದವಳು ನನ್ನ ನೆಗೆಣ್ಣಿ. ಮೈದುನನ ಹೆಂಡತಿ, ನನಗಿಂತ ಹತ್ತು ವರ್ಷ ಚಿಕ್ಕವಳು. ಬೆಳಗಾವಿಯಲ್ಲಿ ಕಾಲೇಜು ಓದುವಾಗ ಫ್ರೆಂಚ್ ತೆಗೆದುಕೊಂಡಿದ್ದಳಂತೆ. ಮುಧೋಳದ ಆ ಹುಡುಗಿ ಬನಹಟ್ಟಿಯ ನೇಕಾರರ ಮನೆಗೆ ಬಂದು ಆ ಭಾಷೆಯನ್ನು ಯಾರ ಜೊತೆ ಆಡಬೇಕು? ನಾನೇ ಸಿಕ್ಕಿದೆ.

ಮಗ್ಗಕ್ಕೆ ನೂಲು ಸುತ್ತಿದ ಹೊಸ ಬೀಮು ಏರಿಸಿದಾಗ ಹಾಸಿನ ಉದ್ದನೆಯ ಎಳೆಗಳನ್ನು ಒಂದೊಂದಾಗಿ ಬಾಚಣಿಗೆಯಂಥ ಹಣಿಗೆಯ ಸಂದಿನಲ್ಲಿ ಹಾಯಿಸಬೇಕು. ಅದು ಇಬ್ಬರ ಕೆಲಸ. ಆಚೆ ಕೂತವಳು ಎಳೆ ಕೊಡುತ್ತಾಳೆ, ಈಚೆ ಕೂತವಳು ಕೊಕ್ಕೆಯಿಂದ ಎಳೆದುಕೊಳ್ಳುತ್ತಾಳೆ. ಸಾವಿರಾರು ಎಳೆ, ದಿನಗಟ್ಟಲೆ ಕೂರಬೇಕು. ಅವಳು ಆಚೆ, ನಾನು ಈಚೆ. ನಮ್ಮ ಪಾಠ ಅಲ್ಲೇ ನಡೆಯುತ್ತಿತ್ತು.

ಎಳೆ ತಗೊಂಡಿರಾ ಎಂದು ಫ್ರೆಂಚಿನಲ್ಲಿ ಕೇಳುವಳು. ನಾನು ತಗೊಂಡೆ ಎಂದಷ್ಟೇ ಹೇಳುವೆ.

“ಏನ್ ತಗೊಂಡ್ರಿ? ‘ಅದನ್ನ’ ಅನ್ನೂದು ಬಿಟ್ಟ ಬಿಟ್ರಲ್ಲಾ ಅಕ್ಕಾ!”

ಕೈಯಲ್ಲಿರುವುದು ಕಣ್ಣಿಗೆ ಕಾಣುವಾಗ ಬಾಯಲ್ಲೂ ಯಾಕೆ ಹೇಳಬೇಕು ಎಂದು ನಾನು ವಾದಿಸುತ್ತಿದ್ದೆ. ಅವಳು ಬಿಡುವ ಆಸಾಮಿಯಲ್ಲ. ಎಳೆ ಗಂಡು, ಅದಕ್ಕೆ ‘ಲ’. ದೀಪ ಹೆಣ್ಣು, ಅದಕ್ಕೆ ‘ಲಾ’. ಬಹಳ ಇದ್ದರೆ ‘ಲೇ’. ನಮ್ಮ ಕನ್ನಡದ ಹಾಗೇ ಈ ‘ಅದನ್ನ’ ಕ್ರಿಯಾಪದಕ್ಕಿಂತ ಮೊದಲು ಬರಬೇಕು. ‘ಜ ಲೇ ಪ್ರಾಂ’ ಅಂದರೆ ಅವುಗಳನ್ನು ತಗೋತೀನಿ. ನಾನು ‘ಲೇ’ ಎಂದು ಜೋರಾಗಿ ಕೂಗಿದಾಗ ಅಡುಗೆಮನೆಯಿಂದ ಅತ್ತೆ, “ಯಾರಿಗೆ ಲೇ ಅನ್ನಾಕತ್ತೀಯವಾ?” ಎಂದರು. ಇಬ್ಬರೂ ನಕ್ಕು ನಕ್ಕು ಎಳೆಯ ಲೆಕ್ಕ ತಪ್ಪಿಸಿಕೊಂಡೆವು.

ಮದುವೆಯಾಗಿ ಆರು ವರ್ಷ ಕಳೆದರೂ ಅವಳಿಗೆ ಮಕ್ಕಳಾಗಲಿಲ್ಲ. ಮೈದುನ ಅವಳ ಜೊತೆ ಮಾತು ಬಿಟ್ಟ. ತವರಿಗೆ ಕಳಿಸುವ ಮಾತು ಮನೆಯಲ್ಲಿ ಶುರುವಾಯಿತು. ಸ್ವಲ್ಪ ದಿನಕ್ಕೆ ಎನ್ನುತ್ತಿದ್ದರು. ಒಮ್ಮೆ ಹೋದರೆ ಮರಳಿ ಕರೆಯುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು.

ಅವಳ ಅಣ್ಣ ಬಂದಾಗ ನಾವು ಬೀಮಿಗೆ ಕೂತಿದ್ದೆವು, ಅರ್ಧ ಹಾಯಿಸಿ ಆಗಿತ್ತು. ಅತ್ತೆ ಅವಳನ್ನು ಒಳಗೆ ಕರೆದರು. ಸ್ವಲ್ಪ ಹೊತ್ತಿಗೆ ಬ್ಯಾಗು ಹಿಡಿದು ಬಂದು ನನ್ನೆದುರು ನಿಂತಳು. ಹಿಂದೆ ಬಾಗಿಲಲ್ಲಿ ಅತ್ತೆ.

“ಅಕ್ಕಾ, ಹೊಂಟೇನ್ರಿ.”

ಹಾಯಿಸಲು ಕೂತವರು ನಡುವೆ ಏಳುವುದು ನಮ್ಮ ಮನೆಗಳಲ್ಲಿ ಇಲ್ಲ, ಎದ್ದರೆ ಎಳೆ ತಪ್ಪುತ್ತದೆ. ನಾನೂ ಏಳಲಿಲ್ಲ. “ಹೂಂ, ಹೋಗಿ ಬಾ” ಎಂದೆ. ಕೊಕ್ಕೆ ಕೈಯಲ್ಲೇ ಇತ್ತು. ಎಂಥ ಹೇಡಿ ನಾನು! ಎಳೆ ಕೊಡುವವಳೇ ಹೊರಟು ನಿಂತಾಗ ಯಾವ ಎಳೆ ಕಾಯುತ್ತಿದ್ದೆ? ಅತ್ತೆಯ ಎದುರು ಬಾಯಿ ತೆರೆಯುವ ಧೈರ್ಯ ಇರಲಿಲ್ಲ, ಅದಕ್ಕೆ ಕೆಲಸದ ನೆಪ ಸಿಕ್ಕಿತು.

ಈಗ ಮೈದುನನಿಗೆ ಬೇರೆ ಮದುವೆಯಾಗಿದೆ. ಅವಳು ಮುಧೋಳದಲ್ಲಿ ಕೂತು ಮೊಬೈಲಿನಲ್ಲೇ ಮಕ್ಕಳಿಗೆ ಫ್ರೆಂಚ್ ಹೇಳಿಕೊಡುತ್ತಾಳಂತೆ. ನಾನು ರೊಟ್ಟಿ ಬಡಿಯುತ್ತಾ ಒಬ್ಬಳೇ ವಾಕ್ಯ ಹೇಳಿಕೊಳ್ಳುತ್ತೇನೆ. ಜ ಲಾ ವ್ವಾ, ಅವಳನ್ನು ನೋಡುತ್ತೇನೆ. ಜ ನ ಲಾ ವ್ವಾ ಪಾ, ಅವಳನ್ನು ನೋಡುವುದಿಲ್ಲ. ‘ಅವಳನ್ನು’ ಎಂಬುದನ್ನು ಒಂದು ಸಲವೂ ಬಿಡುವುದಿಲ್ಲ ಈಗ. ಭೇಷ್ ಅನ್ನಲು ಅವಳಿಲ್ಲ.

ಮೊನ್ನೆ ಅತ್ತೆಯ ಕಾಲು ಒತ್ತುತ್ತಿದ್ದೆ. ತಾವಾಗಿಯೇ ಅವಳ ಮಾತು ತೆಗೆದರು.

“ಅಕೀನ್ನ ಕಳಸಾಕ ನನಗೂ ಮನಸಿದ್ದಿದ್ದಿಲ್ಲವಾ. ಮಗನ ಹಟ. ಹಿರೇ ಸೊಸಿ ನೀ ಬ್ಯಾಡ ಅಂದ್ರ ಅದನ್ನ ಮುಂದ ಮಾಡಿ ಅಕೀನ್ನ ಇಟ್ಕೋಬೇಕಂತ ಬಾಗಲದಾಗ ನಿಂತು ನಿನ್ನ ಮಾರೀನ ನೋಡಾಕತ್ತಿದ್ದೆ. ನೀ ಮ್ಯಾಲ ಏಳಲೇ ಇಲ್ಲ.”