ಮೂರೂವರೆಗೆ ಮನೆ ತೋರಿಸಬಾರದು

ಅವಳನ್ನು ಎಲ್ಲರೂ ಕೀಲಿ ಅಕ್ಕ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಆಸ್ಪತ್ರೆಯ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಊರಿನ ಅಂಚಿನಲ್ಲಿ ಒಬ್ಬರೇ ಯಜಮಾನರಿಗೆ ಸೇರಿದ ಮೂರು ಬಾಡಿಗೆ ಕಟ್ಟಡಗಳಿದ್ದವು, ಒಂದೊಂದಕ್ಕೂ ನಾಲ್ಕು ಮಹಡಿ. ಅವುಗಳಲ್ಲಿ ಖಾಲಿ ಬಿದ್ದ ಮನೆಗಳ ಕೀಲಿಯೆಲ್ಲ ಅವಳ ಹತ್ತಿರ. ಕೀಲಿಯ ಮೇಲೆ ನಂಬರು ಬರೆದಿದ್ದರೂ ಅವಳು ಅದನ್ನು ನೋಡುತ್ತಿರಲಿಲ್ಲ. ಅದರ ಹಲ್ಲಿನ ಮೇಲೆ ಹೆಬ್ಬೆರಳು ಸವರಿ, ಇದು ಎರಡನೇ ಕಟ್ಟಡದ ಮೇಲಿನ ಮನೆಯದು ಎಂದು ಕತ್ತಲಲ್ಲೂ ಹೇಳಿಬಿಡುತ್ತಿದ್ದಳು.

ಅವಳು ಇರುತ್ತಿದ್ದದ್ದು ಮೊದಲನೇ ಕಟ್ಟಡದ ಮೆಟ್ಟಿಲ ಕೆಳಗಿನ ರೂಮಿನಲ್ಲಿ. ಮೆಟ್ಟಿಲು ಹೇಗೆ ಇಳಿಯುತ್ತದೋ ಹಾಗೆ ಸೂರೂ ಇಳಿಯುತ್ತಿತ್ತು. ಬಾಗಿಲ ಹತ್ತಿರ ನೆಟ್ಟಗೆ ನಿಲ್ಲಬಹುದು, ಒಲೆಯ ಹತ್ತಿರ ಬಗ್ಗಬೇಕು, ಹಾಸಿಗೆಯ ಹತ್ತಿರ ಕೂತೇ ಹೋಗಬೇಕು. ಒಂದು ಗೋಡೆಯ ತುಂಬ ಕಟ್ಟಡದ ಕರೆಂಟು ಮೀಟರುಗಳು. ಆ ರೂಮಿಗೆ ಅವಳು ಬಾಡಿಗೆ ಕೊಡಬೇಕಿರಲಿಲ್ಲ, ಮಾಡುವ ಕೆಲಸವೇ ಬಾಡಿಗೆ. ಜೊತೆಗೆ ಮಗಳ ಮಗಳು ಗಿಣಿ. ಮಗಳು ದೂರದ ಊರಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಅಲ್ಲಿನ ಹಾಸ್ಟೆಲಿನಲ್ಲಿ ಮಕ್ಕಳನ್ನು ಇಟ್ಟುಕೊಳ್ಳಲು ಬಿಡುವುದಿಲ್ಲ. ಹಾಗಾಗಿ ಗಿಣಿ ಮೂರು ವರ್ಷದ ಕೂಸಾಗಿದ್ದಾಗಿನಿಂದ ಅಜ್ಜಿಯ ಮಡಿಲಿನಲ್ಲೇ ಬೆಳೆದಳು. ಬಾಯಿ ಬಿಟ್ಟರೆ ಮುಚ್ಚುವುದಿಲ್ಲ ಎಂದು ಆ ಅಡ್ಡಹೆಸರು.

ಮನೆ ತೋರಿಸುವುದು ಎಂದರೆ ಬಾಗಿಲು ತೆಗೆದು ನಿಲ್ಲುವುದಷ್ಟೇ ಎಂದುಕೊಂಡರೆ ತಪ್ಪು. ಬರುವವರಿಗಿಂತ ಅರ್ಧ ಗಂಟೆ ಮೊದಲೇ ಹೋಗಿ ಕಿಟಕಿ ತೆಗೆದು ಬಣ್ಣದ ವಾಸನೆ ಓಡಿಸಬೇಕು. ನಲ್ಲಿ ಬಿಟ್ಟು ಕೆಂಪು ನೀರು ಹೋಗಿ ತಿಳಿನೀರು ಬರುವ ತನಕ ಕಾಯಬೇಕು. ಬಂದವರನ್ನು ಮುಂದಿನ ರಸ್ತೆಯಿಂದಲೇ ಕರೆತರಬೇಕು, ಹಿಂದಿನ ಓಣಿಯಿಂದ ಯಾವ ಕಾರಣಕ್ಕೂ ಕೂಡದು. ಅಡುಗೆಮನೆಯ ಹಿಂದಿನ ಬಾಲ್ಕನಿಯ ಬಾಗಿಲನ್ನು ತೆಗೆಯಲೇಬಾರದು. ಯಾರಾದರೂ ಕೈ ಹಾಕಿದರೆ, "ಅದು ಬಿಗಿಯಾಗಿದೆ ಅಮ್ಮಾ, ಬಡಗಿ ಬರ್ಬೇಕು" ಎನ್ನಬೇಕು. ಇದನ್ನೆಲ್ಲ ಕಲಿಸಿದವನು ಬ್ರೋಕರ್.

"ಅಕ್ಕಾ, ಹತ್ತು ಗಂಟೆಗೆ ತೋರ್ಸು, ಐದಕ್ಕೆ ತೋರ್ಸು. ಮೂರೂವರೆಗೆ ಮಾತ್ರ ಬೇಡ. ದೇವರೇ ಬಂದು ಮನೆ ಕೇಳಿದ್ರೂ ಟೀ ಕುಡ್ಸಿ ಕೂರ್ಸು" ಎಂದಿದ್ದ.

ಮೂರೂವರೆಗೆ ಹಿಂದಿನ ಸರಕಾರಿ ಶಾಲೆ ಬಿಡುತ್ತಿತ್ತು.

ಹಳದಿ ಗೋಡೆಯ, ಆರು ಕೋಣೆಗಳ ಶಾಲೆ ಅದು. ಒಂದು ಕಾಲದಲ್ಲಿ ಸುತ್ತಲಿನ ಸ್ವಂತ ಮನೆಗಳವರ ಮಕ್ಕಳೆಲ್ಲ ಅಲ್ಲೇ ಓದಿದ್ದರು. ಆಮೇಲೆ ಈ ಮೂರು ಕಟ್ಟಡ ಕಟ್ಟಲು ದೂರದಿಂದ ಕೆಲಸದವರು ಬಂದರು, ಶಾಲೆಯ ಪಕ್ಕದಲ್ಲೇ ತಗಡಿನ ಸಾಲುಮನೆಗಳು ಎದ್ದವು. ಅವರ ಮಕ್ಕಳು ಶಾಲೆಗೆ ಸೇರಿದರು. ಒಂದು ವರ್ಷಕ್ಕೆ ನಾಲ್ಕು ಮನೆಯವರು, ಇನ್ನೊಂದು ವರ್ಷಕ್ಕೆ ಹತ್ತು ಮನೆಯವರು ತಮ್ಮ ಮಕ್ಕಳನ್ನು ಬಿಡಿಸಿ, ಆ ಕಡೆಯ ನೆಂಟರ ಮನೆ ವಿಳಾಸ ಕೊಟ್ಟು, ಸೇತುವೆ ಆಚೆಯ ಸರಕಾರಿ ಶಾಲೆಗೆ ಹಾಕಿದರು. ಬಿಡಿಸಿದವರಲ್ಲಿ ಒಬ್ಬರೂ ಒಳಗೆ ಹೋಗಿ ಪಾಠ ಕೇಳಿ ನೋಡಿದವರಲ್ಲ. ಗೇಟಿನ ಮುಂದೆ ಯಾರು ನಿಂತಿದ್ದಾರೆ ಎಂದು ನೋಡಿ, ಒಳಗೆ ಪಾಠ ಹೇಗಿದೆ ಎಂದು ಹೇಳಿಬಿಡುತ್ತಿದ್ದರು. ಗಣಿತದ ಮೇಷ್ಟ್ರು ಇಲ್ಲಿದ್ದಾಗ "ಅವರಿಗೆ ಹೇಳಿಕೊಡೋಕೆ ಬರಲ್ಲ" ಎನ್ನುತ್ತಿದ್ದ ಜನ, ಅವರಿಗೆ ಸೇತುವೆ ಆಚೆಗೆ ವರ್ಗವಾದ ಮೇಲೆ "ಎಂಥಾ ಮೇಷ್ಟ್ರು!" ಎಂದು ಹೊಗಳತೊಡಗಿದರು. ಮೇಷ್ಟ್ರು ಅವರೇ, ಪುಸ್ತಕ ಅದೇ, ಬೈಗುಳವೂ ಅದೇ.

ಮನೆ ನೋಡಲು ಬಂದವರು ನೀರು ಕೇಳುವರು, ಬಿಸಿಲು ಕೇಳುವರು, ಕೊನೆಗೆ ದನಿ ತಗ್ಗಿಸಿ, "ಸ್ಕೂಲು ಹೇಗೆ?" ಎಂದು ಕೇಳುವರು.

"ಸೇತುವೆ ಆಚೆ ಒಳ್ಳೆ ಶಾಲೆ ಇದೆ ಅಮ್ಮಾ. ಇಲ್ಲಿನವರೆಲ್ಲ ಅಲ್ಲಿಗೇ ಕಳ್ಸೋದು" ಎಂದು ಕೀಲಿ ಅಕ್ಕ ಒಪ್ಪಿಸುವಳು. ಅದೇ ಹೊತ್ತಿಗೆ ಮುಚ್ಚಿದ ಬಾಗಿಲ ಆಚೆಯಿಂದ ಮಕ್ಕಳು ಒಟ್ಟಿಗೆ ಮಗ್ಗಿ ಹೇಳುವುದು ಕೇಳುತ್ತಿರುತ್ತಿತ್ತು. ಅದರಲ್ಲಿ ಗಿಣಿಯ ದನಿಯನ್ನು ಅವಳು ಗುರುತು ಹಿಡಿಯಬಲ್ಲವಳಾಗಿದ್ದಳು.

ಒಂದು ದಿನ ಶಾಲೆಯ ಹೆಡ್ ಟೀಚರ್ ತಾವೇ ಮೆಟ್ಟಿಲ ಕೆಳಗಿನ ರೂಮಿಗೆ ಬಂದರು. ಎತ್ತರದ ಹೆಂಗಸು, ತಲೆ ತಗ್ಗಿಸಿ ಒಳಬಂದು ಹಾಸಿಗೆಯ ಅಂಚಿನಲ್ಲಿ ಕೂತರು.

"ಅಕ್ಕಾ, ಈ ತಿಂಗಳ ಕೊನೆಗೆ ಇಲಾಖೆಯವರು ಮಕ್ಕಳ ಎಣಿಕೆಗೆ ಬರ್ತಾರೆ. ನಲವತ್ತು ಇರ್ಲೇಬೇಕು. ಇರೋದೂ ನಲವತ್ತೇ. ಒಂದು ಮಗು ಜಾರಿದ್ರೂ ಶಾಲೆ ಮುಚ್ಚಿ, ಹೆದ್ದಾರಿ ಆಚೆ ಶಾಲೆಗೆ ಸೇರಿಸಿಬಿಡ್ತಾರೆ."

"ಹೆದ್ದಾರಿ ದಾಟ್ಬೇಕಾ? ಈ ಮಕ್ಕಳು?"

"ದಾಟ್ಬೇಕು. ಇಲ್ಲಾ ಮನೇಲಿ ಕೂರ್ಬೇಕು. ಮನೆ ಕೇಳ್ಕೊಂಡು ಬರೋರೆಲ್ಲ ಮೊದಲು ನೋಡೋದು ನಿಮ್ಮ ಮುಖ. ನೀವೊಂದು ಮಾತು ಹೇಳಿ, ಇಲ್ಲೇ ಹಿಂದೆ ಶಾಲೆ ಇದೆ, ಚೆನ್ನಾಗಿದೆ ಅಂತ. ಇಬ್ಬರು ಮೂವರು ಸೇರಿದ್ರೆ ನಾನು ನೆಮ್ಮದಿಯಾಗಿ ಉಸಿರಾಡ್ತೀನಿ."

ಕೀಲಿ ಅಕ್ಕ ಎರಡು ದಿನ ಯೋಚಿಸಿದಳು. ಬರೀ ಮಾತು ಹೇಳಿದರೆ ಯಾರು ನಂಬುತ್ತಾರೆ? ಕಣ್ಣಾರೆ ನೋಡಲಿ, ನೋಡಿದರೆ ಇಷ್ಟಪಡದೆ ಇರುತ್ತಾರೆಯೇ ಎಂದು ಅವಳ ಲೆಕ್ಕಾಚಾರ. ಮೂರನೇ ದಿನ ಬ್ರೋಕರ್ ಯಾವುದೋ ಕಚೇರಿ ಕೆಲಸಕ್ಕೆ ಹೋಗಿದ್ದ. ಗಂಡ, ಹೆಂಡತಿ, ಆರು ವರ್ಷದ ಮಗ, ಹೀಗೆ ಒಂದು ಸಂಸಾರ ಮನೆ ನೋಡಲು ಬಂತು. ಅವಳು ಅವರಿಗೆ ಕೋಣೆ ಕೋಣೆಯನ್ನೂ ನಿಧಾನವಾಗಿ ತೋರಿಸಿದಳು. ಕಪಾಟಿನ ಬಾಗಿಲನ್ನು ನಾಲ್ಕು ಸಲ ತೆಗೆದು ಹಾಕಿದಳು. ಸರಿಯಾಗಿ ಮೂರೂವರೆಗೆ ಹಿಂದಿನ ಬಾಲ್ಕನಿಯ ಬಾಗಿಲು ತೆರೆದಳು.

ಗಂಟೆ ಹೊಡೆಯಿತು. ಮಕ್ಕಳು ಹತ್ತು ಹೆಜ್ಜೆ ಸಾಲಾಗಿ ಬಂದು, ಹನ್ನೊಂದನೇ ಹೆಜ್ಜೆಗೆ ಚೆಲ್ಲಾಪಿಲ್ಲಿಯಾದರು. ಕೀಲಿ ಅಕ್ಕನ ಮುಖ ಅರಳಿತು. ತಂಗಿಯ ಚೀಲವನ್ನೂ ತಾನೇ ಹೊತ್ತು ಬರುವವಳು ಚುಕ್ಕಿ, ಗಿಣಿಯ ಬೆಂಚಿನ ಗೆಳತಿ. ಅವಳ ಹಿಂದೆ ಬರುವವನಿಗೆ ಮೊದಲ ವರ್ಷ ಇಲ್ಲಿನ ಮಾತೇ ಬರುತ್ತಿರಲಿಲ್ಲ, ಈಗ ಅಂಗಡಿಯವನ ಹತ್ತಿರ ಚೌಕಾಸಿ ಮಾಡುತ್ತಾನೆ. ಅವಳಿಗೆ ಕಂಡದ್ದು ಇದು.

ಬಂದಾಕೆಗೆ ಕಂಡದ್ದು ಬೇರೆ. ಗೇಟಿನ ಹತ್ತಿರ ತಲೆಯಿಂದ ಪಾದದವರೆಗೆ ಸಿಮೆಂಟು ಮೆತ್ತಿಕೊಂಡು ನಿಂತ ತಾಯಂದಿರು. ಕಾಲಿಗಿಂತ ದೊಡ್ಡ ಚಪ್ಪಲಿ ಎಳೆಯುತ್ತ ಓಡುವ ಹುಡುಗಿ. ಗುಂಡಿ ಇಲ್ಲದ ಅಂಗಿ.

"ಇವರೆಲ್ಲ ಆ ತಗಡಿನ ಮನೆಯವರ ಮಕ್ಕಳಾ?"

"ಹೌದಮ್ಮಾ. ಚಿನ್ನದಂಥ ಮಕ್ಕಳು."

"ಅಯ್ಯೋ, ನಾನೇನೂ ಅಂದಿಲ್ಲಪ್ಪ. ಮಕ್ಕಳು ಯಾರದಾದ್ರೂ ಮಕ್ಕಳೇ. ಆದ್ರೆ ನಮ್ಮವನು ಇವರ ಮಧ್ಯೆ ಕೂತು ಏನು ಕಲೀತಾನೆ ಹೇಳಿ?"

ಗಂಡ ಸ್ವಲ್ಪ ಮುಜುಗರದಿಂದ, "ಪಾಠ ಹೇಗೆ ಮಾಡ್ತಾರೆ?" ಎಂದು ಕೇಳಿದ.

"ಚೆನ್ನಾಗಿ ಮಾಡ್ತಾರೆ ಸಾರ್. ನನ್ನ ಮೊಮ್ಮಗಳು ಅಲ್ಲೇ ಮೂರನೇ ಕ್ಲಾಸು. ನನಗೆ ಬರೋ ಕಾಗದ ಎಲ್ಲಾ ಅವಳೇ ಓದಿ ಹೇಳೋದು. ಒಂದಕ್ಷರ ತಡವರಿಸಲ್ಲ."

ಆಕೆ ಕೀಲಿ ಅಕ್ಕನ ತೋಳು ಮುಟ್ಟಿ, ಮೆತ್ತಗೆ, ನಿಜವಾದ ಕನಿಕರದಿಂದಲೇ ಹೇಳಿದಳು: "ನಿಮ್ಮ ಮೊಮ್ಮಗಳಿಗೆ ಅಷ್ಟು ಸಾಕು ಬಿಡಿ."

ಮಗ ಬಾಲ್ಕನಿಯ ಸರಳು ಹಿಡಿದು ನಿಂತವನು, "ಅಮ್ಮಾ, ನಾನೂ ಕೆಳಗೆ ಹೋಗ್ಲಾ?" ಎಂದ. ಅವನ ಕೈ ಹಿಡಿದು ಎಳೆದುಕೊಂಡು ಅವರು ಮೆಟ್ಟಿಲಿಳಿದರು. ಮನೆ ಬೇಡವೆಂದು ಆಕೆ ಗೇಟು ದಾಟುವ ಮೊದಲೇ ಬ್ರೋಕರನಿಗೆ ಫೋನು ಮಾಡಿದಳು.

ಸಂಜೆ ಬ್ರೋಕರ್ ಬಂದು ರೂಮಿನ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತ. "ಏನಕ್ಕಾ, ಆ ಬಾಗಿಲು ಬಿಗಿಯಾಗಿತ್ತಲ್ಲಾ? ಬಡಗಿ ಯಾವಾಗ ಬಂದ? ನಂಗೊಂದು ಮಾತು ಹೇಳ್ಬಾರ್ದಿತ್ತಾ, ಕೂಲಿ ಕೊಟ್ಟು ಕಳ್ಸ್ತಿದ್ದೆ!"

ಕೀಲಿ ಅಕ್ಕ ಬಗ್ಗಿ ಒಲೆ ಹೊತ್ತಿಸಿದಳು.

ಮರುದಿನ ಯಜಮಾನರು ಬಂದರು. ಪಾತ್ರೆಪಡಗ ಹೊರಗೆ ಬೀಳುತ್ತದೆ ಎಂದು ಅವಳು ಬೆಳಿಗ್ಗೆಯೇ ಮನಸ್ಸಿನಲ್ಲಿ ಗಂಟುಮೂಟೆ ಕಟ್ಟಿದ್ದಳು. ಅವರು ಒಂದು ಗಟ್ಟಿ ಮಾತೂ ಆಡಲಿಲ್ಲ. ಪ್ಲಾಸ್ಟಿಕ್ ಕುರ್ಚಿ ಎಳೆದು, ತಲೆಗೆ ಸೂರು ತಾಕದಂತೆ ಬಗ್ಗಿ ಕೂತು, ಕರವಸ್ತ್ರದಿಂದ ಕನ್ನಡಕ ಒರೆಸಿದರು.

"ನಿಂದೇನೂ ತಪ್ಪಿಲ್ಲ ಕಣಮ್ಮ. ನಿನ್ನ ಮೊಮ್ಮಗಳೇ ಅಲ್ಲಿ ಓದ್ತಿರುವಾಗ, ಸೇತುವೆ ಶಾಲೆ ಹೆಸರು ನಿನ್ನ ಬಾಯಲ್ಲಿ ಹೇಗೆ ಬರುತ್ತೆ? ತಪ್ಪು ನಂದು. ಮೊದಲೇ ನೋಡ್ಬೇಕಿತ್ತು. ಅವಳನ್ನೂ ಅಲ್ಲಿಗೇ ಹಾಕೋಣ."

"ಅಲ್ಲಿಗೆ ಆ ಕಡೆ ವಾಸ ಇರೋರ ಮಕ್ಕಳನ್ನ ಮಾತ್ರ ತಗೊಳ್ಳೋದಲ್ವಾ ಯಜಮಾನ್ರೇ?"

ಹಿಂದೆ ನಿಂತಿದ್ದ ಬ್ರೋಕರ್ ಕಿಸಕ್ಕನೆ ನಕ್ಕ. ಸೇತುವೆ ಆಚೆ ಯಜಮಾನರದೊಂದು ಹಳೇ ಮನೆ ಇತ್ತು, ಎರಡು ಕೋಣೆಯದು. ಇಲ್ಲಿ ಬಾಡಿಗೆಗೆ ಬಂದವರಿಗೆಲ್ಲ ಆ ಮನೆಯ ವಿಳಾಸ ಬರೆದ ಕರಾರು ಪತ್ರ ಸಿಗುತ್ತಿತ್ತು. "ಕಾಗದದ ಮೇಲೆ ಅಲ್ಲಿ ಇಪ್ಪತ್ತಾರು ಸಂಸಾರ ಅಕ್ಕಾ. ನಿಜವಾಗ್ಲೂ ಇದ್ದಿದ್ರೆ ಒಬ್ಬರ ಮೇಲೊಬ್ಬರು ಮಲಗ್ಬೇಕಿತ್ತು. ನಿಂದು ಇಪ್ಪತ್ತೇಳನೇದು!"

"ಕಟ್ಟಡದ ಮಕ್ಕಳ ವ್ಯಾನಿನಲ್ಲೇ ಹೋಗಿ ಬರ್ಲಿ, ಅದು ನಂಗಿರಲಿ" ಎಂದರು ಯಜಮಾನರು. "ನಾಳೆಯಿಂದ ಯಾರು ಕೇಳಿದ್ರೂ, ನನ್ನ ಮೊಮ್ಮಗಳೂ ಅಲ್ಲೇ ಓದೋದು ಅಂತ ನೀನು ನಿಜಾನೇ ಹೇಳ್ಬಹುದು. ಸುಳ್ಳು ಹೇಳೋ ಪಾಪ ನಿನಗೆ ಬೇಡ."

"ಬೇಡ ಅಂದ್ರೆ?" ಅವಳ ದನಿ ಅವಳಿಗೇ ಕೇಳಿಸಲಿಲ್ಲ.

ಯಜಮಾನರು ಗೋಡೆಯ ಮೀಟರುಗಳನ್ನು ನೋಡುತ್ತ ಎದ್ದರು. "ಬೇಡ ಅಂದ್ರೆ ಬೇಡ. ಬಲವಂತ ಏನಿಲ್ಲ. ಬಾಡಿಗೆಯವರು ಸೈಕಲ್ ನಿಲ್ಸೋಕೆ ಜಾಗ ಇಲ್ಲ ಅಂತಿದಾರೆ, ಈ ರೂಮನ್ನ ಏನಾದ್ರೂ ಮಾಡ್ಬೇಕು ಅನ್ನೋದೊಂದು ಇದೆ ತಲೇಲಿ. ನೋಡೋಣ. ಎರಡು ದಿನ ಯೋಚ್ನೆ ಮಾಡು."

ಯೋಚಿಸಲು ಏನಿತ್ತು? ಮೆಟ್ಟಿಲ ಕೆಳಗಿಂದ ಎದ್ದರೆ ಹೋಗಲು ಇದ್ದದ್ದು ಮಗಳ ಹಾಸ್ಟೆಲು, ಅಲ್ಲಿ ಮಗುವಿಗೂ ಜಾಗವಿಲ್ಲ, ಮುದುಕಿಗೂ ಜಾಗವಿಲ್ಲ. ಫೋನಿನಲ್ಲಿ ಮಗಳಿಗೆ ಹೇಳಿದರೆ, "ಅಮ್ಮಾ, ನಿಂಗೇನು ತಲೆ ಕೆಟ್ಟಿದ್ಯಾ? ಮನೆ ಬಾಗಿಲಿಗೆ ಬಂದಿರೋದನ್ನ ಒದೀತೀಯಾ? ಕಾಲು ಹಿಡಿದು ಸೇರ್ಸು" ಎಂದಳು. ಗಿಣಿಗೆ ಹೇಳಿದರೆ, ವ್ಯಾನು ಎನ್ನುವ ಮಾತಿಗೇ ರೂಮಿನ ತುಂಬ ಕುಣಿದು ಸೂರಿಗೆ ತಲೆ ಹೊಡೆಸಿಕೊಂಡಳು. ಉಜ್ಜಿಕೊಳ್ಳುತ್ತ, "ಚುಕ್ಕಿನೂ ಬರ್ತಾಳಾ ಅಜ್ಜಿ?" ಎಂದು ಕೇಳಿದಳು.

"ಹೋಗು, ಕೈಕಾಲು ತೊಳ್ಕೋ" ಎಂದಳು ಅಜ್ಜಿ.

ಎಣಿಕೆಗೆ ಇನ್ನು ಐದು ದಿನ ಇತ್ತು. ಎಣಿಕೆ ಮುಗಿದ ಮೇಲೆ ಸೇರಿಸುತ್ತೇನೆ ಎಂದು ಅವಳು ಬ್ರೋಕರನ ಹತ್ತಿರ ಬೇಡಿಕೊಂಡಳು. ಅವನು ನಾಲಿಗೆ ಲೊಚಗುಟ್ಟಿದ. "ಅಲ್ಲಿ ಸೀಟು ಇವತ್ತಿದೆ, ನಾಳೆ ಇಲ್ಲ. ಯಜಮಾನ್ರಿಗೂ ಈ ಎಣಿಕೆ ವಿಷ್ಯ ಗೊತ್ತಕ್ಕಾ. ಈ ಹಿಂದ್ಗಡೆ ಶಾಲೆ ಎದ್ದು ಹೋದ್ರೆ ಹಿಂದಿನ ಬಾಲ್ಕನಿ ಬಾಗಿಲೆಲ್ಲ ತೆಗ್ದಿಡಬಹುದಲ್ಲಾ."

ಅವಳಿಗೆ ಆಗ ಎಲ್ಲ ತಿಳಿಯಿತು. ತಿಳಿದು ಮಾಡುವುದೇನೂ ಇರಲಿಲ್ಲ.

ಶಾಲೆ ಬಿಡುವ ಪತ್ರ ಕೇಳಲು ಹೋದಾಗ ಹೆಡ್ ಟೀಚರ್ ಒಬ್ಬರೇ ಇದ್ದರು. ಅವರು ಬೈಯಲಿ ಎಂದು ಅವಳಿಗೆ ಆಸೆ. ಬೈದಿದ್ದರೆ ಅವಳೂ ನಾಲ್ಕು ಮಾತು ಆಡಿ, ಅತ್ತು, ಹಗುರವಾಗುತ್ತಿದ್ದಳು. ಅವರು ಪುಸ್ತಕ ತೆರೆದು ಬರೆಯುತ್ತ ಹೋದರು.

"ಶಾಲೆ ಬಿಡೋಕೆ ಕಾರಣ ಬರೀಬೇಕು. ಏನಂತ ಬರೀಲಿ?"

ಕೀಲಿ ಅಕ್ಕ ಬ್ರೋಕರ್ ಕೊಟ್ಟ ಕರಾರು ಪತ್ರವನ್ನು ಮೇಜಿನ ಮೇಲಿಟ್ಟಳು. ಟೀಚರ್ ಓದಿ, ಕಿಟಕಿಯಿಂದ ಎದುರಿನ ಕಟ್ಟಡದ ಮೆಟ್ಟಿಲನ್ನೊಮ್ಮೆ ನೋಡಿ, ಬರೆದರು. ಬರೆದದ್ದನ್ನು ಓದಿ ಹೇಳಿದರು: "ವಾಸದ ಮನೆ ಬದಲಾಗಿದೆ."

"ಹೂಂ" ಎಂದಳು ಕೀಲಿ ಅಕ್ಕ.

"ಮೂವತ್ತೊಂಬತ್ತು" ಎಂದರು ಟೀಚರ್, ತಮಗೆ ತಾವೇ. ಆಮೇಲೆ ಮುಖ ಎತ್ತಿ, "ನಿಮ್ಮ ಜಾಗದಲ್ಲಿ ಯಾರಿದ್ರೂ ಇದನ್ನೇ ಮಾಡ್ತಿದ್ರು. ಹೋಗ್ಬನ್ನಿ. ಹುಡುಗಿ ಚೆನ್ನಾಗಿ ಓದ್ತಾಳೆ, ಓದು ಬಿಡಿಸ್ಬೇಡಿ" ಎಂದರು.

ಸಾಲುಮನೆಗಳಿಗೆ ಸುದ್ದಿ ಹರಡಲು ಒಂದು ಮಧ್ಯಾಹ್ನ ಸಾಕಾಯಿತು. ದಿನಾ ಶಾಲೆ ಮುಗಿದ ಮೇಲೆ ಚುಕ್ಕಿ, ಅಮ್ಮ ಕೆಲಸದಿಂದ ಬರುವವರೆಗೂ ಕೀಲಿ ಅಕ್ಕನ ರೂಮಿನಲ್ಲೇ ಇರುವುದು ವಾಡಿಕೆ. ಆ ಸಂಜೆ ಮಗಳನ್ನು ಕರೆಯಲು ಬಂದ ಚುಕ್ಕಿಯ ಅಮ್ಮ ಹೊಸ್ತಿಲ ಮೇಲೆ ಕುಸಿದು ಕೂತಳು. ಕೀಲಿ ಅಕ್ಕ ಒಲೆಯ ಕಡೆ ತಿರುಗಿ, ಬೆನ್ನ ಮೇಲೆ ಬೀಳಲಿರುವ ಮಾತಿಗೆ ಕಾದಳು.

"ಕೇಳ್ದೆ ಅಕ್ಕಾ. ಒಳ್ಳೇದು ಮಾಡ್ದೆ. ನಂಗೆ ಯಾರಾದ್ರೂ ಕೊಟ್ಟಿದ್ರೆ ನಾನೂ ಬಿಡ್ತಿರ್ಲಿಲ್ಲ." ಅವಳು ಮೊಣಕೈಗೆ ಅಂಟಿದ ಸಿಮೆಂಟನ್ನು ಉಗುರಿನಿಂದ ಕೆರೆಯುತ್ತಿದ್ದಳು. "ಒಂದು ಮಾತು. ಆ ಮನೇಲಿ ನಮಗೂ ಒಂಚೂರು ಜಾಗ ಆಗುತ್ತಾ? ಇರೋಕಲ್ಲ. ಕಾಗದದ ಮೇಲೆ ಅಷ್ಟೇ."

ಕೀಲಿ ಅಕ್ಕನಿಗೆ ಉತ್ತರ ಗೊತ್ತಿತ್ತು. ಸೇತುವೆ ಆಚೆಯ ಶಾಲೆಗೆ ಹೆಸರು ಬಂದದ್ದೇ ಚುಕ್ಕಿ ಅಲ್ಲಿ ಇಲ್ಲದ್ದರಿಂದ.

"ಯಜಮಾನ್ರನ್ನ ಕೇಳಿ ನೋಡ್ತೀನಿ" ಎಂದಳು.

"ಕೇಳು ಅಕ್ಕಾ. ನಿನ್ನ ಮಾತು ಕೇಳ್ತಾರೆ. ನಾವು ನಾಲ್ಕೇ ಜನ ಅಂತ ಹೇಳು, ಜಾಗ ಜಾಸ್ತಿ ಹಿಡಿಯಲ್ಲ ಅಂತ ಹೇಳು." ಹೇಳಿ, ತನ್ನ ಮಾತಿಗೆ ತಾನೇ ನಕ್ಕಳು. ಬಂದ ಕೆಲಸ ಆಯಿತು ಎನ್ನುವ ನಿರಾಳದಲ್ಲಿ ಬಾಗಿಲಿನ ಚೌಕಟ್ಟಿಗೆ ತಲೆಯಾನಿಸಿ ಕಣ್ಣು ಮುಚ್ಚಿದಳು.

ಅಷ್ಟರಲ್ಲಿ ಹೊರಗಿನಿಂದ ಬ್ರೋಕರನ ದನಿ. "ಅಕ್ಕಾ, ಪಾರ್ಟಿ ಬಂದಿದಾರೆ! ಮೂರನೇ ಮಹಡಿ ಕೀಲಿ ತಗೊಂಡು ಬಾ!"

ಕೀಲಿ ಅಕ್ಕ ಕೀಲಿಗಳನ್ನು ತೂಗುಹಾಕುವ ಹಲಗೆಯಿಂದ ಅದನ್ನು ತೆಗೆದು ಹೊರಟಳು. ಚುಕ್ಕಿಯ ಅಮ್ಮ ಹೊಸ್ತಿಲಿಗೆ ಅಡ್ಡ ಕೂತು, ದಿನವಿಡೀ ಇಟ್ಟಿಗೆ ಹೊತ್ತ ಸುಸ್ತಿಗೆ, ಕೂತಲ್ಲೇ ತೂಕಡಿಸುತ್ತಿದ್ದಳು. ಅವಳನ್ನು ದಾಟಿ ಹೋಗಲು ಜಾಗವಿರಲಿಲ್ಲ, ಏಳು ಎನ್ನಲು ಬಾಯಿ ಬರಲಿಲ್ಲ. ಹೊರಗೆ ಬ್ರೋಕರ್ ಮತ್ತೆ ಕೂಗಿದ. ಕೀಲಿ ಅಕ್ಕ "ಬಂದೆ" ಎಂದು ಉತ್ತರ ಕೊಟ್ಟು, ಕೀಲಿ ಹಿಡಿದು ನಿಂತೇ ಇದ್ದಳು.