ಎದ್ದು ಬರುವ ಉಗುರುಬಣ್ಣವೂ ಜಗಲಿಯ ಬಿಸಿನೀರೂ

ಕಳೆದ ಚಳಿಗಾಲವಿಡೀ ಸೊಸೆ ಬೆಳಿಗ್ಗೆ ಎದ್ದು ಮೊದಲು ನೋಡುತ್ತಿದ್ದುದು ನನ್ನ ಮುಖವನ್ನಲ್ಲ, ಉಗುರುಗಳನ್ನು. ನಾನು ಕಾಫಿ ಲೋಟ ಚಾಚಿದರೆ ಲೋಟ ಬಿಟ್ಟು ಕೈಯನ್ನೇ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸುತ್ತಿದ್ದಳು.

“ಅಮ್ಮಾ, ಇದೂ ಎದ್ದಿದೆ.”

ಎದ್ದಿದೆ ಎಂದರೆ, ಅವಳು ಅಷ್ಟು ಆಸ್ಥೆಯಿಂದ ಹಚ್ಚಿದ ಜೆಲ್ ಪಾಲಿಶ್ ಉಗುರಿನ ಬುಡದಲ್ಲಿ ಅಂಚು ಬಿಟ್ಟಿದೆ. ತಲೆ ಬಾಚಿಕೊಳ್ಳುವಾಗ ಆ ಅಂಚಿಗೆ ಕೂದಲು ಸಿಕ್ಕಿಕೊಳ್ಳುತ್ತದೆ. ಒಮ್ಮೆ ಸಿಕ್ಕಿತೆಂದರೆ ಇನ್ನೊಂದು ಕೈ ಸುಮ್ಮನಿರುವುದಿಲ್ಲ, ಕೆರೆದು ಕೆರೆದು ಕಿತ್ತೇ ತೀರುತ್ತದೆ. ಜೊತೆಗೆ ಉಗುರಿನ ತೆಳು ಪೊರೆಯೂ ಬರುತ್ತದೆ. ಕಾನ್ವೆಂಟಿನಲ್ಲಿ ಬೆಳಗಿನ ಪ್ರಾರ್ಥನೆಗೆ ಮೊದಲು ಸಿಸ್ಟರ್ ಎದುರು ಬೆರಳು ಚಾಚಿ ಉಗುರು ತೋರಿಸಿ ಬೆಳೆದವಳು ನಾನು. ಈ ವಯಸ್ಸಿನಲ್ಲಿ ಮತ್ತೆ ಅದೇ ತಪಾಸಣೆ!

ಸೊಸೆ ಗೋಣಿಕೊಪ್ಪಲಿನ ಕಡೆಯವಳು. ಮೈಸೂರಿನಲ್ಲಿ ಕಲಿತು ಬಂದು, ಶನಿವಾರಸಂತೆಯ ನಮ್ಮ ಮನೆಯ ಒಳಕೋಣೆಯಲ್ಲಿ ಒಂದು ಮೇಜು, ಬಣ್ಣ ಗಟ್ಟಿಯಾಗಿಸುವ ಒಂದು ದೀಪದ ಪೆಟ್ಟಿಗೆ ಇಟ್ಟುಕೊಂಡು ಕೆಲಸ ಶುರುಮಾಡಿದ್ದಳು. ಅವಳ ಕೆಲಸದಲ್ಲಿ ಹುಳುಕು ಹುಡುಕಲು ನನಗಂತೂ ಆಗಲಿಲ್ಲ. ಬುಡದ ಸತ್ತ ಚರ್ಮವನ್ನು ನಯವಾಗಿ ಹಿಂದಕ್ಕೆ ತಳ್ಳಿ, ಹೊಳಪು ಹೋಗುವಷ್ಟು ಮಾತ್ರ ಉಜ್ಜಿ, ಧೂಳು ಒರೆಸಿ, ಬಣ್ಣ ಚರ್ಮಕ್ಕೆ ತಾಗದಂತೆ ಉಸಿರು ಬಿಗಿಹಿಡಿದು ತೆಳ್ಳಗೆ ಎಳೆಯುತ್ತಿದ್ದಳು. ಉಗುರಿನ ತುದಿಗೂ ಮರೆಯದೆ ಒಂದು ಗೆರೆ. ಆದರೂ ಎದ್ದು ಬರುತ್ತಿತ್ತು. ಬಣ್ಣದ ಅಡಿಗೆ ಹಚ್ಚುವ ಬೇಸ್ ಕೋಟ್ ಬದಲಾಯಿಸಿದಳು. ದೀಪ ಬದಲಾಯಿಸಿದಳು. ಕರೆಂಟನ್ನು ಬೈದಳು, ಮಂಜನ್ನು ಬೈದಳು. ತೋಟದಿಂದ ಬಂದ ನನ್ನ ಮಗ, “ಸೈಕಲ್ ಟ್ಯೂಬಿಗೆ ಹಾಕೋ ಸಲ್ಯೂಷನ್ ಇದೆ, ತರ್ಲಾ?” ಎಂದು ಹೆಂಡತಿಯನ್ನು ಕೇಳಿ, ಆ ಮಧ್ಯಾಹ್ನ ಅನ್ನ ತಾನೇ ಬಡಿಸಿಕೊಂಡ.

ಸಂತೆಯಲ್ಲಿ ಸಿಕ್ಕಿದವರೆಲ್ಲ ನನಗೆ ಬೆರಳು ತೋರಿಸತೊಡಗಿದರು. “ನೋಡಕ್ಕ, ಅವರೆಕಾಯಿ ಸುಲಿಯೋವಾಗ ಇದೂ ಸುಲ್ಕಂಡ್ ಬಂತು,” ಎಂದು ಒಬ್ಬಳು ನಕ್ಕಳು. ನನಗೆ ನಗು ಬರಲಿಲ್ಲ.

ಅಷ್ಟರಲ್ಲಿ ಹಿಂದಿನ ಬೀದಿಯ ಹುಡುಗಿಗೆ ಮದುವೆ ಗೊತ್ತಾಯಿತು. ಉಗುರು ನಿಮ್ಮಲ್ಲೇ ಎಂದು ಹೇಳಿ ಹೋದಳು. ಧಾರೆಯ ಹೊತ್ತಿಗೆ ಊರಿನವರ ಕಣ್ಣೆಲ್ಲ ಮದುಮಗಳ ಕೈಮೇಲೆ. ಸೊಸೆ ದೀಪದ ವೈರು ಸುತ್ತುತ್ತ, “ಇವಳದೂ ಎದ್ರೆ ಮೇಜು ಅಟ್ಟಕ್ಕೆ ಹಾಕ್ತೀನಮ್ಮ. ಮತ್ತೆ ಯಾರ ಕೈಯೂ ಹಿಡಿಯಲ್ಲ,” ಎಂದಳು.

ನಮ್ಮ ಅತ್ತೆಯದು ಒಂದು ಪದ್ಧತಿ: ಹೊರಗಿನಿಂದ ಬಂದವರು ಕೈಕಾಲು ತೊಳೆಯದೆ ಹೊಸ್ತಿಲು ದಾಟುವಂತಿಲ್ಲ. ಚಳಿಗಾಲದಲ್ಲಿ ಬಚ್ಚಲ ಹಂಡೆಯ ಬಿಸಿನೀರನ್ನು ಜಗಲಿಯ ಮೇಲೆ ಅಗಲ ಬೇಸಿನ್ನಿನಲ್ಲಿ ಇಡಿಸುತ್ತಾರೆ. ಮಂಜಿನಲ್ಲಿ ಸ್ಕೂಟರ್ ಓಡಿಸಿ ಬೆರಳು ಮರಗಟ್ಟಿ ಬಂದ ಹೆಂಗಸರಿಗೆ ಅದಕ್ಕಿಂತ ಸುಖವೇನಿದೆ? ಕೈ ಅದ್ದಿ ಕುಳಿತರೆ ಏಳುತ್ತಿರಲಿಲ್ಲ. “ಇರ್ಲಿ ಇರ್ಲಿ, ಇನ್ನೊಂದು ಚೊಂಬು ಹುಯ್ಯವ್ವ,” ಎಂದು ಅತ್ತೆ ನನ್ನನ್ನು ಓಡಿಸುತ್ತಿದ್ದರು. ನಾನಂತೂ ಪಾತ್ರೆ ತೊಳೆದು ಮುಗಿಸಿ ನೇರ ಸೊಸೆಯ ಮೇಜಿಗೆ ಹೋಗುತ್ತಿದ್ದವಳು.

ಬಣ್ಣ ನಿಂತದ್ದು ಒಬ್ಬರ ಕೈಯಲ್ಲಿ ಮಾತ್ರ, ಶಾಲೆಯ ಟೀಚರ್ ಕೈಯಲ್ಲಿ. ಅವರು ಮತ್ತೆ ಬಂದಾಗ ಬುಡದಲ್ಲಿ ಹೊಸ ಉಗುರು ಬೆಳೆದು ಬಿಳಿ ಗೆರೆ ಕಾಣುತ್ತಿತ್ತು. ಬಣ್ಣ ಮಾತ್ರ ಕಚ್ಚಿಕೊಂಡಿತ್ತು. ಯಥಾಪ್ರಕಾರ ನಾನು, “ಕೈಕಾಲು ತೊಳ್ಕೊಳ್ಳಿ ಟೀಚರ್,” ಎಂದೆ.

“ಅಯ್ಯಯ್ಯೋ, ಜಗಲಿ ಕಡೆ ನಿಮ್ಮ ನಾಯಿ ಇದೆಯಲ್ಲ! ನಾನ್ಯಾವತ್ತು ಆ ಕಡೆ ಬಂದಿದ್ದೀನಿ?”

ನಿಜವೇ. ನಾಯಿಗೆ ಹೆದರಿ ಅವರು ಯಾವಾಗಲೂ ಕಾಫಿ ಒಣಗಿಸುವ ಕಣದ ಕಡೆಯಿಂದ ಅಡುಗೆಮನೆ ಬಾಗಿಲಿಗೇ ಬರುವುದು. ನಾನು ಜಗಲಿಗೆ ಹೋಗಿ ನೋಡಿದೆ. ಅಲ್ಲಿ ಸರದಿಗೆ ಕಾದು ಕುಳಿತಿದ್ದ ಇನ್ನೊಬ್ಬಳ ಬೆರಳ ತುದಿಗಳು ನೀರಿನಲ್ಲಿ ಒಣದ್ರಾಕ್ಷಿಯಂತೆ ಸುಕ್ಕಾಗಿದ್ದವು.

ಒಳಗೆ ಹೋಗಿ ಹೇಳಿದಾಗ ಸೊಸೆ ಹಣೆ ಚಚ್ಚಿಕೊಂಡಳು. “ನೆಂದ ಉಗುರು ಉಬ್ಬಿರುತ್ತಮ್ಮ, ಒಣಗಿದ್ಮೇಲೆ ಕುಗ್ಗುತ್ತೆ. ಮೇಲಿನ ಬಣ್ಣ ಹೇಗೆ ನಿಲ್ಲುತ್ತೆ? ಕೈ ಒರೆಸ್ಕೊಂಡೇ ಬರ್ತಾರಲ್ಲ, ಬರೀ ತೊಳ್ಕೊಂಡಿದ್ದಾರೆ ಅಂದ್ಕೊಂಡಿದ್ದೆ. ಹೀಗೆ ನೆನೆಹಾಕಿ ಕಳಿಸ್ತಿದ್ದಾರೆ ಅಂತ ಯಾರಿಗೆ ಗೊತ್ತು!”

ಅತ್ತೆಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

“ಕೊಳೆ ಕೈ ಹಿಡ್ಕಂಡು ಒಳಗೆ ಬರಬೇಕಾ? ಕಾನ್ವೆಂಟಲ್ಲಿ ಇದೇ ಕಲಿಸಿದ್ರಾ ನಿಂಗೆ?”

“ತೊಳೀಲಿ ಅತ್ತೆ, ಬೇಗ ತೊಳೀಲಿ. ಆಮೇಲೆ ಚೆನ್ನಾಗಿ ಒಣಗೋವರೆಗೂ ಬಿಸಿಲಲ್ಲಿ ಕೂತಿರ್ಲಿ, ಅಷ್ಟೇ.”

“ಹೂಂ, ಆಯ್ತು,” ಎಂದರು. ಅಷ್ಟು ಸುಲಭವಾಗಿ ಅವರು ಒಪ್ಪಿದಾಗಲೇ ನಾನು ಎಚ್ಚರವಾಗಬೇಕಿತ್ತು.

ಮದುವೆ ಹುಡುಗಿ ಬಂದಳು. ತೊಳೆದಳು, ಒರೆಸಿಕೊಂಡಳು, ಬಿಸಿಲಿನಲ್ಲಿ ಕುಳಿತಳು. ಕೈ ಗರಿಗರಿಯಾಗಿ ಒಣಗಿ, ಸೊಸೆ ಒಳಗಿನಿಂದ ಕರೆಯುವ ಹೊತ್ತಿಗೆ ಸರಿಯಾಗಿ ಅತ್ತೆ ತಟ್ಟೆ ಹಿಡಿದು ಬಂದರು. ಬಿಸಿ ಒಬ್ಬಟ್ಟು, ಅದರ ಮೇಲೆ ತುಪ್ಪದ ಕೆರೆ.

“ಅಜ್ಜೀ, ಬೇಡ! ಜಿಡ್ಡು!” ಸೊಸೆ ಓಡಿಬಂದಳು.

“ಮದುವೆ ಹೆಣ್ಣು ಮನೆಗೆ ಬಂದು ಬರೀ ಬಾಯಲ್ಲಿ ಹೋಗದಾ? ತಿಂದು ಕೈ ತೊಳ್ಕತಾಳೆ ಬಿಡು.”

“ತೊಳೆದ್ರೆ ಮತ್ತೆ ಮೊದಲಿಂದ ಒಣಗಿಸ್ಬೇಕು ಅಜ್ಜಿ!”

ನಾನು ಚಮಚ ತಂದೆ. “ಒಬ್ಬಟ್ಟನ್ನ ಯಾರಾದ್ರೂ ಚಮಚದಲ್ಲಿ ತಿಂತಾರೇನೆ?” ಎಂದು ಅತ್ತೆ ಅದನ್ನು ಕಿತ್ತು ಕಿಟಕಿಯ ಮೇಲಿಟ್ಟರು. ಹುಡುಗಿಯ ಬೆರಳು ತಟ್ಟೆಯತ್ತ ಹೊರಟಿತ್ತು. ನನಗೆ ಸಾಕಾಯಿತು. ತಟ್ಟೆಯನ್ನು ಕಸಿದುಕೊಂಡು, ಒಬ್ಬಟ್ಟು ಮುರಿದು, “ಬಾಯಿ ತೆಗಿ!” ಎಂದೆ. ನನ್ನ ಗಂಟಲು ಅಷ್ಟು ಜೋರಾಗಬಲ್ಲದೆಂದು ನನಗೇ ಗೊತ್ತಿರಲಿಲ್ಲ. ಹುಡುಗಿ ಬೆಚ್ಚಿ ಬಾಯಿ ತೆರೆದಳು.

“ಹಂಗೆ! ದೊಡ್ಡ ತುತ್ತೇ ಕೊಡು,” ಎಂದರು ಅತ್ತೆ.

ಹಾಗೇ ಅವಳನ್ನು ಮೇಜಿಗೆ ಕರೆದೊಯ್ದೆ. ಸೊಸೆ ಕೈ ಹಿಡಿದು ಬಣ್ಣ ಎಳೆದಳು, ನಾನು ಪಕ್ಕದಲ್ಲಿ ನಿಂತು ತಿನ್ನಿಸಿದೆ. ತುಂಬಿದ ಬಾಯಲ್ಲಿ ಹುಡುಗಿಗೆ ನಗು. “ನಗಬೇಡ್ವೆ, ಕೈ ಅಲ್ಲಾಡುತ್ತೆ!” ಎಂದು ಸೊಸೆ ಗದರಿದಳು.

ಮದುವೆ ಮುಗಿದು ತವರಿಗೆ ಬಂದ ಹುಡುಗಿ, ಮಾತಿಗೂ ಮೊದಲು ಸೊಸೆಯ ಮುಂದೆ ಕೈ ಚಾಚಿದಳು. ಸೊಸೆ ಪ್ರತಿ ಉಗುರಿನ ಅಂಚಿನ ಮೇಲೂ ತನ್ನ ಹೆಬ್ಬೆರಳು ಆಡಿಸಿದಳು. ಎಲ್ಲೂ ತಡೆಯಲಿಲ್ಲ. ಎದ್ದು ಹೋಗಿ, ಇವಳ ಕೆಲಸ ಮುಗಿದಂದೇ ಮತ್ತೆ ಸುತ್ತಿಟ್ಟಿದ್ದ ದೀಪದ ವೈರು ಬಿಚ್ಚಿದಳು.

“ಒಬ್ಬಟ್ಟು ತಿಂದಿದ್ದಕ್ಕೇ ನಿಂತದ್ದು,” ಎಂದರು ಅತ್ತೆ. ಈಗ ಬಂದವರಿಗೆಲ್ಲ ಏನಾದರೊಂದು ತಿಂಡಿ, ತಿನ್ನಿಸುವವಳು ನಾನು.

ಹೀಗೇ ಒಂದು ಸಂಜೆ ಸೊಸೆ ಕರೆದಳು. “ಅಮ್ಮಾ, ಈಗ ನಿಮ್ಮ ಸರದಿ. ಪಾತ್ರೆ ತೊಳೆಯೋಕೆ ಮುಂಚೆ ಬನ್ನಿ.”

ಸಿಂಕಿನ ತುಂಬ ತುಪ್ಪದ ತಟ್ಟೆಗಳಿದ್ದವು. ಹಾಗೇ ಬಿಟ್ಟು ಹೋದೆ.