ಯುದ್ಧವಿಮಾನಕ್ಕೊಂದು ಹಳೇ ಎಳೆ

ನಿವೃತ್ತ ಕನ್ನಡ ಮೇಡಂ ಒಬ್ಬಳಿಗೆ ಒಪ್ಪದ ಚಟವೊಂದು ನನಗಿದೆ: ಯುದ್ಧವಿಮಾನಗಳ ಸುದ್ದಿ ಓದುವುದು. ನನ್ನ ವಯಸ್ಸಿನವರು ಬೆಳಿಗ್ಗೆ ಎದ್ದು ದೇವರ ನಾಮ ಹೇಳಿದರೆ, ನಾನು ಯಾವ ದೇಶದ ಎಂಜಿನ್ ಎಲ್ಲಿಗೆ ಬಂತೆಂದು ಮೊಬೈಲ್ ತೀಡುತ್ತೇನೆ. ಚಳ್ಳಕೆರೆಯಲ್ಲಿ ಇದು ಅಷ್ಟೇನೂ ವಿಚಿತ್ರವಲ್ಲ. ಊರಾಚೆ ಸರ್ಕಾರದ ಪರೀಕ್ಷಾ ಕೇಂದ್ರವಿರುವ ಹುಲ್ಲುಗಾವಲಿನ ಕಡೆ ಆಳಿಲ್ಲದ ವಿಮಾನ ಗುಂಯ್‌ಗುಡುತ್ತಾ ಸುತ್ತಿದರೆ ಇಲ್ಲಿ ಶೇಂಗಾ ಒಣಹಾಕುವವರೂ ತಲೆಯೆತ್ತುವುದಿಲ್ಲ.

ಓದಿ ಓದಿ ಒಂದಿಷ್ಟು ಪಾಂಡಿತ್ಯವೂ ಬಂದಿದೆ. ಅಮೆರಿಕ ದೊಡ್ಡ ಮನೆ. ಒಂದು ಅಡುಗೆ ಇಳಿಸುವ ಮೊದಲೇ ಮುಂದಿನದಕ್ಕೆ ಎಸರಿಟ್ಟಿರುತ್ತದೆ. ರಷ್ಯಾದ್ದು ಒರಟು ಕೈ, ಗಟ್ಟಿ ಕೆಲಸ. ಫ್ರಾನ್ಸ್ ಪುಟ್ಟ ಸಂಸಾರವಾದರೂ ಉಪ್ಪಿನಕಾಯಿಗೆಂದು ಪಕ್ಕದ ಮನೆಯ ಬಾಗಿಲು ತಟ್ಟದು. ಚೀನಾ ಮೊದಲು ಬೇರೆಯವರ ರಂಗೋಲಿ ನೋಡಿ ಹಾಕಿತು, ಈಗ ತನ್ನದೇ ಚುಕ್ಕಿ ಇಡುತ್ತಿದೆ. ನಾವೋ, ಅರವತ್ತರ ದಶಕದಲ್ಲೇ ಸ್ವಂತ ಯುದ್ಧವಿಮಾನ ಹಾರಿಸಿದವರು. ಆಮೇಲೆ ಅದನ್ನು ಅಲ್ಲಿಗೇ ಬಿಟ್ಟು, ಎಷ್ಟೋ ಕಾಲದ ಮೇಲೆ ಮತ್ತೆ ಅಆಇಈಯಿಂದ ತೊಡಗಿದೆವು. ಈಗ ಮೈ ನಮ್ಮದು, ಎಂಜಿನ್ ಹೊರಗಿನದು.

ಈ ಪಾಂಡಿತ್ಯ ಹೊತ್ತು ಕಳೆದ ತಿಂಗಳು ಮೊಳಕಾಲ್ಮೂರಿಗೆ, ಅಕ್ಕ ತಿಪ್ಪಮ್ಮನ ಮನೆಗೆ ಹೋದೆ. ಅಪ್ಪ ನನ್ನ ಕೈಗೆ ಪುಸ್ತಕ ಕೊಟ್ಟ, ಅವಳ ಕೈಗೆ ರೇಷ್ಮೆ ಮಗ್ಗ. ಕಣ್ಣಿನ ಆಪರೇಷನ್ ಆದಮೇಲೆ ಅವಳ ಮಗ್ಗ ನಿಂತಿತ್ತು. ಮರುದಿನ ಅದನ್ನು ಬಿಚ್ಚಲು ಬಡಗಿ ಬರುವವನಿದ್ದ. ಆ ಜಾಗದಲ್ಲಿ ಸೊಸೆ ಸರೋಜ ಹೊಲಿಗೆ ಮಷಿನ್ ಇಡುವವಳು.

ಕೊನೆಯ ಸೀರೆ ಕೊಯ್ದು ತೆಗೆದ ಮೇಲೂ ಹಳೇ ಹಾಸಿನ, ಎಂದರೆ ಮಗ್ಗಕ್ಕೆ ಉದ್ದಕ್ಕೆ ಹೂಡಿದ ನೂಲಿನ, ಗೇಣುದ್ದ ಎಳೆಗಳು ಬಾಚಣಿಗೆಯಂಥ ಅಚ್ಚಿನ ಹಲ್ಲುಗಳಲ್ಲಿ ಉಳಿದಿದ್ದವು. ಹೊಸ ಹಾಸಿನ ಒಂದೊಂದು ಎಳೆಯನ್ನೂ ಬೂದಿ ಮುಟ್ಟಿಸಿ ಈ ಹಳೇ ತುದಿಗೆ ಹೊಸೆದು ಸೇರಿಸಬೇಕು, ಅದೇ ಕೆಚ್ಚುವುದು. ತುದಿ ಕಿತ್ತೆಸೆದರೆ ಸಾವಿರಾರು ಎಳೆಗಳನ್ನು ಮೊದಲಿನಿಂದ ಪೋಣಿಸಬೇಕು, ಅದನ್ನು ಬಲ್ಲವರು ಬೀದಿಯಲ್ಲಿ ಈಗಿಲ್ಲ. ಅಪ್ಪನ ಕಾಲದಿಂದ ಆ ಮಗ್ಗ ಬರಿದಾದದ್ದೇ ಇಲ್ಲ.

ಸಂಕಟವಾದರೆ ನಾನು ಪಾಠ ಮಾಡುತ್ತೇನೆ. "ಅಕ್ಕಾ, ವಿಮಾನ ಮಾಡೋ ದೇಶಗಳೂ ಹಿಂಗೇ. ತುದಿ ಉಳಿಸ್ಕೊಂಡೋರು ಕೆಚ್ಕೊಂಡು ಮುಂದೆ ಹೋದ್ರು. ನಾವು ಒಂದ್ಸಲ ತುದಿ ಬಿಟ್ಟು ಹಿಂದೆ ಬಿದ್ವಿ."

"ಮುಂದೆ ಹೆಂಗಿರ್ತಾವಂತೆ ನಿನ್ನ ವಿಮಾನ?" ಎಂದಳು ಅಕ್ಕ.

ಮುಂದಿನ ಯುದ್ಧವಿಮಾನದಲ್ಲಿ ಪೈಲಟ್ ಇರಬೇಕೋ ಬೇಡವೋ ಎಂದು ದೊಡ್ಡ ದೇಶಗಳೇ ತಲೆಕೆಡಿಸಿಕೊಂಡಿವೆ, ಒಬ್ಬ ಪೈಲಟ್ಟಿನ ಜೊತೆಗೆ ಆಳಿಲ್ಲದವು ನಾಲ್ಕಾರು ಹಾರಬಹುದು ಎಂದು ವಿವರಿಸಿದೆ.

"ಒಳಗೆ ಮನುಷ್ಯ ಇಲ್ಲ ಅಂದ್ರೆ ಹೆದ್ರಿಕೆನೂ ಇರಲ್ಲ. ಹೆದ್ರಿಕೆ ಇಲ್ದೋರ ಕೈಗೆ ಜಗಳ ಕೊಡಬಾರ್ದು ಕಣೇ," ಎಂದವಳು ಮಗ್ಗದ ಕಡೆ ತಿರುಗಿದಳು. "ತುದಿ ಐತೆ, ಯಾರು ಇಲ್ಲ ಅಂದ್ರು? ಕೆಚ್ಚಾಕೆ ಕಣ್ಣು ಬೇಕಲ್ಲ."

ರೇಷ್ಮೆ ಕೊಟ್ಟು ನೇಯಿಸುವ ಯಜಮಾನರಿಗೆ ವಾಪಸ್ಸು ಕೊಡಬೇಕಿದ್ದ ಹೊಸ ಹಾಸು ಮೂಲೆಯಲ್ಲಿ ಸುತ್ತಿಟ್ಟಿತ್ತು. ನಾನು ಅದನ್ನೆಳೆದು, ಬೂದಿಯ ಬಟ್ಟಲು ತಂದು, ಕನ್ನಡಕ ಏರಿಸಿ ಕೂತೆ. ಹತ್ತು ಎಳೆ ಹೊಸೆದರೆ ಆರು ಕಳಚಿಕೊಂಡವು, ಉಳಿದವು ಒಂದರ ಮೇಲೊಂದು ಹತ್ತಿದವು. ಅಕ್ಕ ಬೆರಳಾಡಿಸಿ ನೋಡಿದಳು. ಒಲೆಯ ಬಳಿಯಿಂದ ಇಣುಕಿದ ಸರೋಜಳಿಗೆ ತಡೆಯಲಾಗಲಿಲ್ಲ. ಅವಳು ತೆಲುಗು ಸೀಮೆಯ ರಾಯದುರ್ಗದ ಕಡೆಯ ನೇಕಾರರ ಮನೆಯವಳು.

"ಸರೀರಿ ಚಿನ್ನತ್ತೆ, ಎಳೆ ದಾಟಿಸಿಬಿಟ್ರಿ. ಹಿಂಗಾದ್ರೆ ರೇಷ್ಮೆ ಎಲ್ಲಾ ಹಾಳಾಗ್ತೈತೆ."

ನಾನು ಕೆಡಿಸಿದ್ದನ್ನು ಬಿಡಿಸಲೆಂದಷ್ಟೇ ಕೂತಳು. ಬಿಡಿಸಿದ್ದನ್ನು ಹಾಗೇ ಬಿಡಲು ಕೈ ಬರದೆ ಕೆಚ್ಚಿದಳು. ಪಕ್ಕದ್ದನ್ನೂ ಕೆಚ್ಚಿದಳು. ಅಕ್ಕ ಬೂದಿಯ ಬಟ್ಟಲನ್ನು ಮೆಲ್ಲಗೆ ಅವಳ ಕಡೆ ಸರಿಸಿದಳು. ದೀಪ ಹಚ್ಚುವ ಹೊತ್ತಿಗೆ ಸರೋಜ ತಲೆ ಎತ್ತದೆ ಹೇಳಿದಳು: "ಬಡಗಿಗೆ ಬರಬ್ಯಾಡ ಅನ್ರಿ ಅತ್ತೆ. ಮಷಿನ್ನು ಪಡಸಾಲೆಲಿ ಇಟ್ಕೊಂತೀನಿ."

ದೇಶಗಳ ಸಂಗತಿ ದೊಡ್ಡವರಿಗೆ ಬಿಟ್ಟಿದ್ದೇನೆ. ಒಂದು ಮನೆಯಲ್ಲಿ ಒಂದು ಕೆಲಸ ಉಳಿಯಬೇಕಾದರೆ ಬಲ್ಲವರಿದ್ದರಷ್ಟೇ ಸಾಲದು, ಅದನ್ನು ಮನಸ್ಸಿಟ್ಟು ಕೆಡಿಸುವ ಒಬ್ಬರೂ ಬೇಕು. ಅದು ಕೆಡುವುದನ್ನು ನೋಡಲಾರದೆ ಬಲ್ಲವರು ಯಾರಾದರೂ ಕೈ ಹಾಕುತ್ತಾರೆ.